ಬಲಗೈ ಬದಲಿಗೆ ಬಂದ ದೀಪಗಳು

ಬಹಳ ವರ್ಷಗಳ ಕಾಲ ನಮ್ಮ ಮನೆಯ ಬೈಕಿಗೆ ಬಲಗಡೆಯ ಇಂಡಿಕೇಟರ್ ಆಗಿದ್ದವಳು ನಾನು. ಬೈಕು ನನ್ನ ಗಂಡನದು, ಓಡಿಸುವವರು ಅವರು. ಹಿಂದೆ ಕೂತು, ತಿರುವು ಬಂದಾಗ ಬಲಗೈ ಚಾಚುವ ಕೆಲಸ ನನ್ನದು. ಕೊಂಡಾಗ ಅದಕ್ಕೂ ಎಲ್ಲ ಗಾಡಿಗಳಂತೆ ನಾಲ್ಕು ಇಂಡಿಕೇಟರುಗಳಿದ್ದವು. ಒಮ್ಮೆ ಮನೆ ಮುಂದೆ ನಿಲ್ಲಿಸಿದ್ದಾಗ ಹಾಲಿನ ವ್ಯಾನು ತಾಗಿ ಗಾಡಿ ಬಲಕ್ಕೆ ಬಿತ್ತು, ಆ ಕಡೆಯ ಎರಡೂ ಮುರಿದವು. ಎಡಗಡೆಯವು ಉಳಿದವು, ಆದರೆ ಅವುಗಳ ಬಲ್ಬು ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ. ಸರ್ವೀಸಿಗೆ ಬಿಟ್ಟಾಗಲೆಲ್ಲ ಮೆಕ್ಯಾನಿಕ್ಕು "ಇಂಡಿಕೇಟರ್ ಹಾಕ್ಬಿಡ್ಲಾ ಸಾರ್?" ಎಂದು ಕೇಳುವುದು, ಇವರು "ಮಾಡ್ಸೋಣ, ಮಾಡ್ಸೋಣ" ಎನ್ನುವುದು. ಮಾಡಿಸಲಿಲ್ಲ.

ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಕ್ರಮ ಬೆಳೆದಿತ್ತು. ಬಲಕ್ಕೆ ತಿರುಗುವ ಸ್ವಲ್ಪ ಮುಂಚೆ ಇವರು ಬಲ ಮೊಣಕೈಯನ್ನು ಹಿಂದಕ್ಕೆ ತಂದು ನನಗೆ ಮೆಲ್ಲಗೆ ತಾಗಿಸುತ್ತಿದ್ದರು. ನಾನು ಹಿಂದೆ ತಿರುಗಿ ನೋಡಿ, ಕೈ ಚಾಚಿ, ಬರುವವರು ನಿಧಾನ ಮಾಡಿದರು ಅನ್ನಿಸಿದ ಮೇಲೆ ಎಡಗೈಯಿಂದ ಇವರ ಬೆನ್ನು ತಟ್ಟುತ್ತಿದ್ದೆ. ತಟ್ಟದೆ ಇವರು ತಿರುಗುತ್ತಿರಲಿಲ್ಲ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ತಿರುಗುತ್ತಿರಲಿಲ್ಲ. ಮೊದಲೆಲ್ಲ ನಾನು ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂರುತ್ತಿದ್ದೆ. ಹಾಗೆ ಕೂತರೆ ಬಲಗೈ ಸರಿಯಾಗಿ ಚಾಚಲು ಬರುವುದಿಲ್ಲ. ಚೂಡಿದಾರಕ್ಕೆ ಬದಲಾದದ್ದು ಆ ಕಾರಣಕ್ಕೆ. ಅತ್ತೆಯವರಿಗೆ ಬೇರೆ ಕಾರಣ ಹೇಳಿದ್ದೆ.

ಈ ಊರಿನಲ್ಲಿ ತಿರುಗುತ್ತೇನೆ ಎಂದು ಹೇಳುವುದಕ್ಕೆ ಹಲವು ಭಾಷೆಗಳಿವೆ. ಆಟೋದವರು ಕಾಲು ಹೊರಗೆ ಹಾಕುತ್ತಾರೆ. ನೀರಿನ ಕ್ಯಾನಿನ ಗಾಡಿಯವರು ತಲೆ ಮಾತ್ರ ತಿರುಗಿಸುತ್ತಾರೆ, ಅರ್ಥ ಮಾಡಿಕೊಳ್ಳುವುದು ನಮ್ಮ ಜವಾಬ್ದಾರಿ. ಕೆಲವರು ಎಡಗಡೆಯ ಇಂಡಿಕೇಟರ್ ಹಾಕಿಕೊಂಡು ಸಾರಕ್ಕಿಯಿಂದ ಬನಶಂಕರಿಯವರೆಗೂ ಹೋಗುತ್ತಾರೆ, ಎಲ್ಲೂ ಎಡಕ್ಕೆ ತಿರುಗುವುದಿಲ್ಲ. ಕಾರಿನವರದು ಇನ್ನೊಂದು. ಸರ್ಕಲ್ಲಿನಲ್ಲಿ ನಾಲ್ಕೂ ದೀಪ ಒಟ್ಟಿಗೆ ಮಿನುಗಿಸಿದರೆ ನೇರ ಹೋಗುತ್ತೇನೆ ಎಂದು ಅರ್ಥ. ಗಾಡಿ ಕೆಟ್ಟು ನಿಂತಾಗ ಹಾಕಲೆಂದು ಕೊಟ್ಟ ದೀಪ ಅದು. ಹೀಗೆ ಹಾಕಿ ಎಂದು ಯಾರು ಕಲಿಸಿದರೋ ಗೊತ್ತಿಲ್ಲ, ಆದರೆ ಬಹಳ ಜನ ಹಾಗೇ ಹಾಕುತ್ತಾರೆ, ಹಿಂದೆ ಬರುವವರಿಗೂ ಹಾಗೇ ಅರ್ಥವಾಗುತ್ತದೆ. ಇಷ್ಟೆಲ್ಲದರ ನಡುವೆ ಚಾಚಿದ ಕೈಗೆ ಇನ್ನೂ ಬೆಲೆಯಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಇಡೀ ತರಗತಿಯನ್ನು ಕೈ ತೋರಿಸಿಯೇ ಸುಮ್ಮನಾಗಿಸಿ ಅಭ್ಯಾಸ. ನನ್ನ ಕೈ ಕಂಡರೆ ಸಿಟಿ ಬಸ್ಸುಗಳೂ ನಿಧಾನ ಮಾಡುತ್ತಿದ್ದವು ಎಂದರೆ ಯಾರೂ ನಂಬುವುದಿಲ್ಲ, ನಂಬಿಸುವ ಅಗತ್ಯವೂ ನನಗಿಲ್ಲ.

ಕಳೆದ ಚಳಿಗಾಲದಲ್ಲಿ ಆ ಬಲ ಭುಜ ಹಿಡಿದುಕೊಂಡಿತು. ಮೊದಲು ಜಡೆ ಹಾಕಿಕೊಳ್ಳಲು ಆಗಲಿಲ್ಲ. ಆಮೇಲೆ ಮೇಲಿನ ಶೆಲ್ಫಿನಿಂದ ಅವಲಕ್ಕಿ ಡಬ್ಬ ತೆಗೆಯಲು ಆಗಲಿಲ್ಲ. ಜಯನಗರದ ಡಾಕ್ಟರು ಅದಕ್ಕೆ ಫ್ರೋಜನ್ ಶೋಲ್ಡರ್ ಎಂದರು. ತಾನಾಗಿ ಬಂದದ್ದು, ತಾನಾಗಿ ಹೋಗುತ್ತದೆ, ಆತುರ ಪಡಬೇಡಿ ಎಂದರು. ಫಿಸಿಯೋಥೆರಪಿಯ ಹುಡುಗಿ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟಳು. ಅಡುಗೆಮನೆಯ ಗೋಡೆಯಲ್ಲಿ ಬೆರಳು ತಲುಪಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾ ಬಂದೆ. ಗುರುತುಗಳೆಲ್ಲ ಒಂದೇ ಕಡೆ ಬಿದ್ದು ಅಲ್ಲೊಂದು ಕಪ್ಪು ಕಲೆಯಾಯಿತು. ಬೈಕಿನ ಮೇಲೆ ಕೈ ಚಾಚಿದರೆ ಸೊಂಟದ ಎತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ಹಿಂದೆ ಬರುವವರಿಗೆ ನಾನು ದುಪಟ್ಟಾ ಸರಿಮಾಡಿಕೊಂಡಂತೆ ಕಂಡಿರಬೇಕು.

ಇವರು ಒಂದೆರಡು ಸಲ ಇದನ್ನು ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು, "ನೀನು ಮನೇಲಿರು. ರೆಸ್ಟ್ ತಗೋ. ಮಾರ್ಕೆಟ್ಟಿಗೆ ನಾನೇ ಹೋಗ್ಬರ್ತೀನಿ," ಎಂದರು.

ಹೋಗಿ ಬಂದರು. ಬಲಿತ ಬೆಂಡೆಕಾಯಿ ತಂದರು. ಮಾರನೆಯ ದಿನವೂ ಒಬ್ಬರೇ ಹೋದರು. ಅದೇ ಅಭ್ಯಾಸವಾಯಿತು. ಸಾರಕ್ಕಿಯ ತರಕಾರಿ, ಜಯನಗರದ ಕಾಂಪ್ಲೆಕ್ಸಿನ ಕಾಫಿ ಪುಡಿ, ಬ್ಯಾಂಕು, ಎಲ್ಲಕ್ಕೂ ಬೈಕು ಒಬ್ಬರನ್ನೇ ಹೊತ್ತು ಹೊರಡುತ್ತಿತ್ತು. ನಾನು ಗೇಟು ಹಾಕಿ ಒಳಗೆ ಬರುತ್ತಿದ್ದೆ.

ನನಗೆ ಬೇಸರವಾದದ್ದು ಭುಜದ ನೋವಿಗಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ನಾವಿಬ್ಬರೂ ಜಗಳವಿಲ್ಲದೆ ಇರುತ್ತೇವೆ, ಮಾತೂ ಹೆಚ್ಚಿಲ್ಲ. ಇಡೀ ದಿನದಲ್ಲಿ ಇವರು ನನ್ನನ್ನು ಕೇಳುವುದು ಕಾಫಿ ಆಯ್ತಾ ಎಂದು, ಮತ್ತು ಕನ್ನಡಕ ಎಲ್ಲಿಟ್ಟೆ ಎಂದು. ಬೈಕಿನ ಮೇಲೆ ಮಾತ್ರ ಆ ಮೊಣಕೈ ಹಿಂದಕ್ಕೆ ಬಂದು ನನ್ನನ್ನು ಕೇಳುತ್ತಿತ್ತು, ನಾನು ಹೇಳಿದ ಮೇಲೆ ಗಾಡಿ ತಿರುಗುತ್ತಿತ್ತು. ಅಷ್ಟು ಹೊತ್ತು ಇವರಿಗೆ ನಾನು ಬೇಕಾಗಿದ್ದೆ. ಹಿಂದಿನ ಸೀಟು ಹೋದರೆ ಅದೂ ಹೋಗುತ್ತದೆ ಎಂದು ನನಗೆ ಭಯವಾಗಿತ್ತು.

ಭಾನುವಾರಗಳಲ್ಲಿ ವಸಂತಪುರದಲ್ಲಿರುವ ಮಗಳ ಮನೆಗೆ ಹೋಗುವುದು ನಮ್ಮ ವಾಡಿಕೆ. ಅದಕ್ಕೂ ಮಗಳೇ ಅಲ್ಲಿಂದ ಫೋನಿನಲ್ಲಿ ಆಟೋ ಬುಕ್ ಮಾಡತೊಡಗಿದಳು. ನಾನು ಆಟೋದಲ್ಲಿ, ಇವರು ಹಿಂದೆ ಬೈಕಿನಲ್ಲಿ. ಒಂದೇ ಮನೆಯಿಂದ ಒಂದೇ ಮನೆಗೆ ಎರಡು ಗಾಡಿ. ಇವರಿಗೂ ಅದು ಸರಿಬರಲಿಲ್ಲವೆಂದು ಕಾಣುತ್ತದೆ. ಒಂದು ದಿನ ಪಾರ್ಸೆಲ್ ಬಂತು. ಬಿಚ್ಚಿದರೆ ನಾಲ್ಕು ಸಣ್ಣ ಎಲ್‌ಇಡಿ ಇಂಡಿಕೇಟರುಗಳು, ಒಂದೊಂದೂ ಹೆಬ್ಬೆರಳಿನಷ್ಟು.

"ಇನ್ಮೇಲೆ ನಿನ್ನ ಕೈಗೆ ತೊಂದ್ರೆ ಇಲ್ಲ," ಎಂದರು.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ನ್ಯೂಸ್‌ಪೇಪರಿನ ಮೇಲೆ ಸಾಲಾಗಿ ಮಲಗಿದ್ದ ಆ ನಾಲ್ಕನ್ನೂ ನೋಡಿದೆ. ದೀಪಗಳ ಮೇಲೆ ಹೊಟ್ಟೆಕಿಚ್ಚು ಪಡುವುದು ಈ ವಯಸ್ಸಿಗೆ ಶೋಭೆಯಲ್ಲ ಎಂದು ಗೊತ್ತಿತ್ತು. ಪಟ್ಟೆ.

ಇವರು ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಅಷ್ಟು ವರ್ಷ ಕಾರ್ಖಾನೆಯ ಗೇಟಿನೊಳಗೆ ಓಡಾಡಿದ್ದರಿಂದ ಯಂತ್ರವಿದ್ಯೆ ತಮಗೂ ಅಂಟಿದೆ ಎಂಬುದು ಇವರ ನಂಬಿಕೆ. ನಮ್ಮ ಮನೆಯ ಮಿಕ್ಸಿ ಮತ್ತು ಗೀಸರ್ ಆ ನಂಬಿಕೆಯನ್ನು ಅನುಭವಿಸಿವೆ. ಅಂಗಡಿಗೆ ಕೊಡಿ ಎಂದೆ. ಯೂಟ್ಯೂಬಿನಲ್ಲಿ ನೋಡಿದ್ದೇನೆ, ಎರಡು ವೈರು, ಒಂದು ನಟ್ಟು, ಅಷ್ಟೇ ಕೆಲಸ ಎಂದರು.

ಮೊದಲು ಬಲಗಡೆಯವನ್ನು ಹಾಕಿದರು. ಬಲಕ್ಕೆ ತಿರುಗುವುದೇ ಕಷ್ಟ, ಎಡಕ್ಕೆ ತಿರುಗಲು ಬೆಂಗಳೂರಿನಲ್ಲಿ ಯಾರು ಯಾರನ್ನು ಕೇಳುತ್ತಾರೆ ಎಂಬ ಲೆಕ್ಕ. ಗಾಡಿಯನ್ನು ರಸ್ತೆಗೆ ತಂದು ಸ್ವಿಚ್ಚು ಒತ್ತಿದರು. ದೀಪ ಹತ್ತಿತು, ಮಿನುಗಲಿಲ್ಲ. ಸುಮ್ಮನೆ ಉರಿಯುತ್ತಾ ನಿಂತಿತು. ಮತ್ತೆ ಯೂಟ್ಯೂಬು. ದೀಪವನ್ನು ಮಿನುಗಿಸುವುದು ರಿಲೇ ಎಂಬ ಸಣ್ಣ ಡಬ್ಬಿ. ಹಳೆಯ ಡಬ್ಬಿಗೆ ಹಳೆಯ ಬಲ್ಬು ಎಳೆಯುವಷ್ಟು ಕರೆಂಟು ಬೇಕು, ಎಲ್‌ಇಡಿ ಅಷ್ಟು ಎಳೆಯುವುದಿಲ್ಲ. ಹೊಸ ರಿಲೇ ತರಿಸಿ ಹಾಕಿದರು. ಈಗ ಬಲಗಡೆ ಮುಂದಿನದೂ ಹಿಂದಿನದೂ ಲಕ್ಷಣವಾಗಿ ಮಿನುಗಿದವು. ಹಳೆಯ ರಿಲೇ ಟಿಕ್ ಟಿಕ್ ಎನ್ನುತ್ತಿತ್ತು, ಹೊಸದು ಸದ್ದೇ ಮಾಡುವುದಿಲ್ಲ. ಸ್ಪೀಡೋಮೀಟರಿನ ಪಕ್ಕದಲ್ಲಿ, ಇಂಡಿಕೇಟರ್ ಹಾಕಿದೆ ಎಂದು ಓಡಿಸುವವರಿಗೆ ತೋರಿಸುವ ಒಂದು ಹಸಿರು ದೀಪವಿರುತ್ತದೆ. ಅದು ಮಾತ್ರ ಹತ್ತಲಿಲ್ಲ. ಹಳೇದು, ಹೋಗಿರಬೇಕು ಎಂದು ಬಿಟ್ಟೆವು.

ಎಡಗಡೆಯವನ್ನು ಹಾಕಿದ್ದು ಮುಂದಿನ ವಾರ. ಅವತ್ತು ಬಿಸಿಲು ಜೋರಾಗಿದ್ದರಿಂದ ಗಾಡಿಯನ್ನು ಹೊರಗೆ ತರದೆ, ಪೋರ್ಟಿಕೋದಲ್ಲಿ ಎಂದಿನಂತೆ ಬಲಗಡೆಯ ಗೋಡೆಗೆ ಒತ್ತಿ ನಿಲ್ಲಿಸಿದಲ್ಲೇ ಕೆಲಸ ಮುಗಿಸಿದರು. ಎಡಗಡೆಯ ಸ್ವಿಚ್ಚು ಒತ್ತಿದರು. ಎಡಗಡೆ ಮಿನುಗಿತು. ನಾನು ಬಾಗಿಲಲ್ಲಿ ನಿಂತು ನೋಡಿ ಸರಿ ಎಂದೆ. ಅಷ್ಟರಲ್ಲಿ ಮೀಟರಿನ ಹಸಿರು ದೀಪವೂ ಮಂಕಾಗಿ ಮಿನುಗಿತು. ಕೆಟ್ಟಿದೆ ಅಂದುಕೊಂಡದ್ದೂ ತಾನಾಗಿ ಸರಿಹೋಯಿತಲ್ಲ ಎಂದು ಇವರಿಗೆ ಬಹಳ ಸಂತೋಷ. ಬಲಗಡೆಯದನ್ನು ಮತ್ತೆ ನೋಡಲಿಲ್ಲ, ಅದನ್ನು ಹೋದ ವಾರವೇ ನೋಡಿಯಾಗಿತ್ತು. ಗೋಡೆಯ ಕಡೆಗೆ ಏನಾಗುತ್ತಿದೆ ಎಂದು ಬಗ್ಗಿ ನೋಡುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಆ ಭಾನುವಾರ ಮಗಳಿಗೆ ಆಟೋ ಬೇಡವೆಂದು ಹೇಳಿ, ನಾನು ಎಷ್ಟೋ ದಿನಗಳ ಮೇಲೆ ಹಿಂದಿನ ಸೀಟು ಹತ್ತಿದೆ. "ನೀನು ಏನೂ ಮಾಡ್ಬೇಡ. ಸುಮ್ನೆ ಕೂತ್ಕೋ," ಎಂದರು. ಸುಮ್ಮನೆ ಕೂತೆ. ಎರಡೂ ಕೈ ತೊಡೆಯ ಮೇಲೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ಇವರು ಮೀಟರಿನ ಕಡೆ ಬಗ್ಗಿ ಹಸಿರು ದೀಪ ನೋಡಿಕೊಂಡು ಎಡಕ್ಕೆ ತಿರುಗಿದರು, ಕನಕಪುರ ರಸ್ತೆ ಸೇರಿದೆವು. ತಿರುಗಿದ ಮೇಲೆ ಸ್ವಿಚ್ಚು ಆರಿಸಲಿಲ್ಲ. ಜರಗನಹಳ್ಳಿ ದಾಟುವವರೆಗೂ ಮೀಟರಿನ ಹಸಿರು ದೀಪ ಹಾಗೇ ಮಿನುಗುತ್ತಿತ್ತು. ಮೊದಲಾಗಿದ್ದರೆ ಟಿಕ್ ಟಿಕ್ ಕೇಳಿ ಆರಿಸುತ್ತಿದ್ದರು. ನಾನು ಎಡಗೈಯಿಂದ ಇವರ ಭುಜ ತಟ್ಟಿ ತೋರಿಸಿದೆ, ಆರಿಸಿದರು.

ವಸಂತಪುರದ ತಿರುವು ಬಂತು. ಮೆಟ್ರೋ ಕಂಬಗಳ ನಡುವೆ ಬಲಕ್ಕೆ ತಿರುಗಲು ದಾರಿ ಬಿಟ್ಟಿರುವ ಜಾಗ. ಇವರು ಬಲಗಡೆಯ ಸ್ವಿಚ್ಚು ಒತ್ತಿದರು. ಮೊಣಕೈ ಹಿಂದಕ್ಕೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಕಾದೆ. ಹಿಂದೆ ತಿರುಗಿ ನೋಡಲಿಲ್ಲ, ನೋಡಿ ಆಗಬೇಕಾದದ್ದೇನು, ತಟ್ಟುವ ಕೆಲಸ ನನ್ನದಲ್ಲವಲ್ಲ ಎಂದು ಸ್ವಲ್ಪ ಸೆಟೆದುಕೊಂಡೇ ಕೂತಿದ್ದೆ. ಗಾಡಿ ಬಲಕ್ಕೆ ವಾಲಿತು. ಅದೇ ಹೊತ್ತಿಗೆ ನನ್ನ ಬಲ ಮಂಡಿಯ ಪಕ್ಕಕ್ಕೆ ಒಂದು ಬಿಳಿ ಕಾರಿನ ಮೂತಿ ಬಂತು.

ನನ್ನ ಬಲಗೈ ಎದ್ದಿತು. ನಾನು ಎತ್ತಿದೆ ಎಂದು ಹೇಳಲಾರೆ. ಅಡುಗೆಮನೆಯ ಗೋಡೆಯ ಮೇಲೆ ಅಷ್ಟು ದಿನ ಒಂದೇ ಕಡೆ ನಿಂತಿದ್ದ ಕೈ ಭುಜದ ಎತ್ತರಕ್ಕೆ, ನೇರವಾಗಿ, ಅಂಗೈ ಬಿಡಿಸಿಕೊಂಡು ಹೊರಗೆ ಬಂದಿತ್ತು. ಕಾರು ಕಿರ್ ಎಂದು ನಿಂತಿತು. ಅದರ ಬಾನೆಟ್ಟಿಗೂ ನನ್ನ ಕಾಲಿಗೂ ನಡುವೆ ಒಂದು ಮೊರ ಹಿಡಿಸುವಷ್ಟು ಜಾಗವಿತ್ತು. ಆಮೇಲೆ ನೋವು ಬಂತು. ಹೆಲ್ಮೆಟ್ಟಿನೊಳಗೆ ಅಮ್ಮಾ ಎಂದದ್ದು ನನಗೆ ಮಾತ್ರ ಕೇಳಿಸಿತು.

ಕಾರಿನ ಕಿಟಕಿ ಇಳಿಯಿತು. ಓಡಿಸುತ್ತಿದ್ದವಳು ನಮ್ಮ ಮಗಳ ವಯಸ್ಸಿನವಳು. ಮುಖ ಬಿಳಿಚಿಕೊಂಡಿತ್ತು.

"ಅಂಕಲ್, ನಾಲ್ಕೂ ಹಾಕ್ಕೊಂಡು ರೈಟ್‌ಗೆ ಯಾಕೆ ತಿರುಗ್ತೀರಾ? ಸ್ಟ್ರೈಟ್ ಹೋಗ್ತೀರಾ ಅನ್ಕೊಂಡೆ ನಾನು."

"ರೈಟ್ ಹಾಕಿದ್ದೀನಲ್ಲಮ್ಮ," ಎಂದರು ಇವರು.

"ನಾಲ್ಕೂ ಬ್ಲಿಂಕ್ ಆಗ್ತಿದೆ ಅಂಕಲ್. ಇಳಿದು ನೋಡಿ."

ಇಳಿದು ನೋಡಿದೆವು. ಮುಂದೆ ಎರಡು, ಹಿಂದೆ ಎರಡು, ನಾಲ್ಕೂ ಒಟ್ಟಿಗೆ ಮಿನುಗುತ್ತಿದ್ದವು. ಅವಳದೇನೂ ತಪ್ಪಿರಲಿಲ್ಲ. ನಮ್ಮೂರಿನ ಭಾಷೆಯಲ್ಲಿ ನಾವು ನೇರ ಹೋಗುತ್ತೇವೆ ಎಂದು ಹೇಳಿ ಬಲಕ್ಕೆ ತಿರುಗಿದ್ದೆವು. ನಾವು ನೇರ ಹೋಗುತ್ತೇವೆಂದು ನಂಬಿ, ತಾನು ಬಲಕ್ಕೆ ತಿರುಗಲು ನಮ್ಮ ಪಕ್ಕಕ್ಕೆ ಬಂದಿದ್ದಳು, ಅಷ್ಟೆ. "ಆಂಟಿ, ನಿಮ್ಮ ಕೈ ನೋಡಿ ಬ್ರೇಕ್ ಹಾಕ್ದೆ," ಎಂದು ನನಗೆ ಹೇಳಿ ಹೋದಳು.

ಮಗಳ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅವಳು ನನ್ನ ಭುಜಕ್ಕೆ ಐಸ್ ಕಟ್ಟಿ, ಅಪ್ಪನ ಎದುರು ಕೂತು ಗಟ್ಟಿಯಾಗಿಯೇ ಹೇಳಿದಳು.

"ಸಾಕು ಅಪ್ಪ. ಗಾಡಿ ಮಾರ್ಬಿಡಿ. ಎಲ್ಲಿಗೆ ಬೇಕಾದ್ರೂ ಇಲ್ಲಿಂದಾನೇ ಬುಕ್ ಮಾಡ್ತೀನಿ. ಅಮ್ಮನ್ನ ಕೂರಿಸ್ಕೊಂಡು ಇನ್ನು ಹೋಗೋದು ಬೇಡ."

ಇವರು ವಾದ ಮಾಡುತ್ತಾರೆ ಎಂದು ನಾನು ಕಾದೆ. ಮಾಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಹ್ಞೂಂ, ಮಾರ್ಬಿಡೋಣ," ಎಂದರು. ಸಂಜೆಯೊಳಗೆ ಜರಗನಹಳ್ಳಿಯಲ್ಲಿ ಹಳೇ ಗಾಡಿ ಕೊಳ್ಳುವವನೊಬ್ಬನಿಗೆ ಫೋನೂ ಮಾಡಿದರು. ಬುಧವಾರ ಬಂದು ನೋಡುತ್ತೇನೆ ಎಂದನಂತೆ. ನಾನು ಆಟೋದಲ್ಲಿ ಮನೆಗೆ ಬಂದೆ. ಇವರು ಹಿಂದೆ ಬೈಕಿನಲ್ಲಿ, ಇಂಡಿಕೇಟರನ್ನೇ ಮುಟ್ಟದೆ ಬಂದರು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ ಇವರು, "ನನಗೆ ಆ ಕಾರು ಕಾಣ್ಲೇ ಇಲ್ಲ ಕಣೇ," ಎಂದರು. "ನೀನು ತಟ್ಟಿರ್ಲಿಲ್ಲ. ನಾನು ಸುಮ್ನೆ ತಿರುಗ್ಬಿಟ್ಟೆ."

ನನಗೆ ತೋಚಿದ್ದು ಒಂದೇ. ಗಾಡಿ ಹೋಗುವುದಾದರೆ ಹೋಗಲಿ, ಆದರೆ ನಾಲ್ಕೂ ಯಾಕೆ ಮಿನುಗಿದವೆಂದು ತಿಳಿಯದೆ ಹೋಗಬಾರದು. ಎಷ್ಟೋ ವರ್ಷ ವಿದ್ಯುತ್ ಮಂಡಲದ ಪಾಠ ಮಾಡಿದವಳಿಗೆ ತನ್ನದೇ ಪೋರ್ಟಿಕೋದಲ್ಲಿ ಉತ್ತರ ಸಿಗದಿದ್ದರೆ ಅವಮಾನ. ಇದು ನಾನು ಇವರಿಗೆ ಹೇಳಿದ ಕಾರಣ. ನಿಜವಾದ ಕಾರಣ ಬುಧವಾರವಾಗಿತ್ತು.

"ಗಾಡಿ ಗೋಡೆಯಿಂದ ಈಚೆಗೆ ತನ್ನಿ," ಎಂದೆ.

ತಂದರು. ಬಲಗಡೆ ಒತ್ತಿದರೆ ನಾಲ್ಕು, ಎಡಗಡೆ ಒತ್ತಿದರೂ ನಾಲ್ಕು. ಮೀಟರಿನ ಹಸಿರು ದೀಪ ಮಾತ್ರ ಎರಡಕ್ಕೂ ಒಂದೇ.

"ಬಲಗಡೆದು ಮಾತ್ರ ಹಾಕಿದ್ದಾಗ ಈ ಹಸಿರು ದೀಪ ಹತ್ತಿತ್ತಾ?"

"ಇಲ್ಲ. ಕೆಟ್ಟಿದೆ ಅಂದ್ವಲ್ಲ."

"ಎಡಗಡೆದು ಹಾಕಿದ ಮೇಲೆ ಹೇಗೆ ಸರಿಯಾಯ್ತು?"

ಇವರು ನನ್ನ ಮುಖ ನೋಡಿದರು. ನಾನು ಒಳಗಿನಿಂದ ಸೀಮೆಸುಣ್ಣ ತಂದು, ನೆಲದ ಮೇಲೆ ಎಡಗೈಯಲ್ಲಿ ಚಿತ್ರ ಬರೆದೆ. ಗೆರೆಗಳು ಸೊಟ್ಟಗೆ ಬಂದವು, ಪಾಠಕ್ಕೆ ಸಾಕಾಗುವಷ್ಟಿದ್ದವು. ಆ ಹಸಿರು ದೀಪ ಎಡದ ವೈರಿಗೂ ಬಲದ ವೈರಿಗೂ ನಡುವೆ ಕೂತಿದೆ. ಬಲಗಡೆ ಕರೆಂಟು ಬಂದರೆ ಅದರಲ್ಲಿ ಸ್ವಲ್ಪ ಈ ಹಸಿರು ದೀಪವನ್ನು ದಾಟಿ, ಎಡಗಡೆಯ ದೀಪಗಳ ಮೂಲಕ ಹೊರಗೆ ಹೋಗುತ್ತದೆ. ಎಡಗಡೆ ಬಲ್ಬು ಸತ್ತಿದ್ದಾಗ ದಾರಿಯಿರಲಿಲ್ಲ, ಹಸಿರು ದೀಪ ಹತ್ತಲಿಲ್ಲ. ಹಳೆಯ ಕಾಲದ ಬಲ್ಬಿಗೆ ಅಷ್ಟು ಚೂರು ಕರೆಂಟು ಯಾವ ಮೂಲೆಗೂ ಸಾಲದು, ಅದು ಕಣ್ಣು ಬಿಡುವುದಿಲ್ಲ. ಎಲ್‌ಇಡಿಗೆ ಅಷ್ಟೇ ಧಾರಾಳ. ಅವತ್ತು ತಾನಾಗಿ ಸರಿಹೋಯಿತೆಂದು ಇವರು ಸಂತೋಷಪಟ್ಟ ದೀಪವೇ ಎರಡು ಕಡೆಗೂ ಸೇತುವೆಯಾಗಿತ್ತು.

"ಅಂದ್ರೆ ದೀಪದ್ದೇನೂ ತಪ್ಪಿಲ್ಲ," ಎಂದರು ಇವರು.

"ನಿಮ್ಮದೂ ಇಲ್ಲ. ಸೇತುವೆ ಮುರಿದ್ರೆ ಆಯ್ತು."

ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎಂಬ ಸಣ್ಣ ಸಾಮಾನುಂಟು, ಜೀರಿಗೆಗಿಂತ ಸ್ವಲ್ಪ ದೊಡ್ಡದು. ಎರಡು ಕಡೆಯಿಂದಲೂ ಒಂದೊಂದು ಹಾಕಿ ಹಸಿರು ದೀಪಕ್ಕೆ ಬೇರೆ ದಾರಿ ಕೊಟ್ಟರೆ, ಈ ಕಡೆಯದು ಆ ಕಡೆಗೆ ಹೋಗುವುದಿಲ್ಲ. ಬೆಸುಗೆ ಹಾಕುವ ಕೆಲಸ. ಇವರು ತಾವೇ ಹಾಕುತ್ತೇನೆ ಎಂದು ಬಾಯಿ ತೆರೆದರು. ನಾನು ಮಿಕ್ಸಿ ಇರುವ ಅಡುಗೆಮನೆಯ ಕಡೆ ನೋಡಿದೆ. ಬಾಯಿ ಮುಚ್ಚಿದರು.

ಸಾರಕ್ಕಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ಅಂಗಡಿಗೆ ಮಂಗಳವಾರ ಬೆಳಿಗ್ಗೆ ಹೋದೆವು. ಇವರು ಗಾಡಿ ತಳ್ಳಿಕೊಂಡು, ನಾನು ಪಕ್ಕದಲ್ಲಿ ನಡೆದುಕೊಂಡು. ಓಡಿಸಿಕೊಂಡು ಬನ್ನಿ ಎಂದರೆ ಬೇಡ ಎಂದರು. ಕೆರೆಯ ಕಡೆಯಿಂದ ವಾಕಿಂಗ್ ಮುಗಿಸಿ ಬರುತ್ತಿದ್ದ ಪರಿಚಯದವರೊಬ್ಬರು ಪೆಟ್ರೋಲ್ ಖಾಲಿಯಾಯಿತೇ ಎಂದು ಕೇಳಿದರು. ಹೌದು ಎಂದರು ಇವರು.

ಅಂಗಡಿಯವನು ಒಂದು ಸಲ ಸ್ವಿಚ್ಚು ಒತ್ತಿ ನೋಡಿ, "ಮೀಟರ್ ಬಲ್ಬು ಮೇಡಂ. ಎಲ್‌ಇಡಿ ಹಾಕಿದವ್ರಲ್ಲಿ ತುಂಬಾ ಜನಕ್ಕೆ ಹಿಂಗಾಗತ್ತೆ," ಎಂದ. ನಾನೂ ಅದನ್ನೇ ಹೇಳಿದೆ. ಇಬ್ಬರಿಗೂ ಒಂದೇ ಉತ್ತರ ಬಂದದ್ದರಿಂದ ಹೆಚ್ಚು ಮಾತಿಗೆ ಅವಕಾಶವಾಗಲಿಲ್ಲ. ಹೆಡ್‌ಲೈಟ್ ಬಿಚ್ಚಿ, ವೈರುಗಳನ್ನು ಹೊರಗೆಳೆದು, ಬೆಸುಗೆ ಹಾಕಿ, ಟೇಪ್ ಸುತ್ತಿ ಮತ್ತೆ ಒಳಗೆ ತುರುಕಿದ. ಬಲಗಡೆ ಒತ್ತಿದ, ಬಲಗಡೆ ಎರಡು. ಎಡಗಡೆ ಒತ್ತಿದ, ಎಡಗಡೆ ಎರಡು. ಹಸಿರು ದೀಪ ಈಗ ಮಂಕಾಗಿರದೆ ಹಗಲು ಬೆಳಕಿನಲ್ಲೂ ಕಣ್ಣಿಗೆ ಹೊಡೆಯಿತು. ನಾನು ಗಾಡಿಯ ಸುತ್ತ ನಡೆದು ಎರಡು ಕಡೆಯೂ ನೋಡಿದೆ. ಇವರೂ ನನ್ನ ಹಿಂದೆಯೇ ಒಂದು ಸುತ್ತು ಬಂದರು.

"ಒಂದು ರೌಂಡ್ ಹೋಗ್ಬನ್ನಿ ಸಾರ್," ಎಂದ ಅಂಗಡಿಯವನು.

ಇವರು ಗಾಡಿ ಸ್ಟಾರ್ಟ್ ಮಾಡಿ ನನ್ನ ಕಡೆ ನೋಡಿದರು. ಬಾ ಎನ್ನಲಿಲ್ಲ, ಇಲ್ಲೇ ಇರು ಎಂದೂ ಅನ್ನಲಿಲ್ಲ. ನಾನು ಹೆಲ್ಮೆಟ್ ಹಾಕಿಕೊಂಡು ಹತ್ತಿದೆ. ಮಾರುಕಟ್ಟೆಯ ಹಿಂದಿನ ಸಣ್ಣ ರಸ್ತೆಗಳಲ್ಲೇ ಒಂದು ಸುತ್ತು. ಬಲ ತಿರುವು ಬಂತು. ಸ್ವಿಚ್ಚು ಒತ್ತಿದರು, ದೀಪ ಮಿನುಗಿತು, ಹಿಂದೆ ಬರುತ್ತಿದ್ದ ಸ್ಕೂಟರು ಮರ್ಯಾದೆಯಿಂದ ನಿಧಾನ ಮಾಡಿತು. ಎಲ್ಲ ಸರಿಯಾಗಿತ್ತು. ನನ್ನ ಕೈ ತೊಡೆಯ ಮೇಲೆಯೇ ಇತ್ತು. ದೀಪ ತನ್ನ ಕೆಲಸ ಮಾಡುವುದನ್ನು ನೋಡಿ ಸಂತೋಷಪಡಬೇಕಾದವಳು ನಾನೇ, ಅದನ್ನು ಸರಿಮಾಡಿಸಿದವಳೂ ನಾನೇ. ಗಾಡಿ ಉಳಿಯಬಹುದು, ಆದರೆ ಅದರ ಮೇಲೆ ನಾನು ಇನ್ನು ತರಕಾರಿ ಚೀಲದ ಹಾಗೆ ಕೂತಿರಬೇಕು ಎಂದುಕೊಂಡೆ.

ತಿರುಗಿ ಬಹಳ ದೂರ ಬಂದರೂ ಇಂಡಿಕೇಟರ್ ಮಿನುಗುತ್ತಲೇ ಇತ್ತು. ರಸ್ತೆಯನ್ನೇ ನೋಡುತ್ತಿದ್ದ ಇವರಿಗೆ ಗೊತ್ತಿರಲಿಲ್ಲ. ಎಡಗೈಯಿಂದ ಭುಜ ತಟ್ಟಿದೆ. ಆರಿಸಿದರು. ಮುಂದಿನ ತಿರುವಿನಲ್ಲೂ ಮರೆತರು, ಮತ್ತೆ ತಟ್ಟಿದೆ. ಅಂಗಡಿಯ ಮುಂದೆ ಬಂದು ನಿಂತಾಗಲೂ ಬಲಗಡೆ ಮಿನುಗುತ್ತಿತ್ತು, ನಾನು ತಟ್ಟುವುದನ್ನು ಅಂಗಡಿಯವನು ನೋಡಿದ.

"ಹೊಸ ರಿಲೇ ಸೌಂಡ್ ಬರಲ್ಲ ಸಾರ್, ಆಫ್ ಮಾಡೋದು ಮರ್ತೋಗತ್ತೆ," ಎಂದ. "ಒಂದು ಬಜ್ಜರ್ ಹಾಕ್ಕೊಟ್ಬಿಡ್ಲಾ? ಇಂಡಿಕೇಟರ್ ಆನ್ ಇರೋ ತನ್ಕ ಕುಯ್ ಕುಯ್ ಅಂತ ಕೂಗ್ತಿರತ್ತೆ. ಐದೇ ನಿಮಿಷದ ಕೆಲ್ಸ."

ಬಜ್ಜರ್ ಇದ್ದರೆ ಒಳ್ಳೆಯದೇ. ನಾನು ಇಳಿಯಲು ಕಾಲೆತ್ತಿದೆ. ಇವರು ಗಾಡಿ ಆಫ್ ಮಾಡಲಿಲ್ಲ. ಸ್ಪೀಡೋಮೀಟರಿನ ಕಡೆ ನೋಡುತ್ತಲೇ ಹೇಳಿದರು.

"ಬೇಡಪ್ಪ. ಇವ್ರು ಹಿಂದೆ ಇರ್ತಾರಲ್ಲ."

ನಾನು ಎತ್ತಿದ ಕಾಲನ್ನು ಮತ್ತೆ ಫುಟ್‌ರೆಸ್ಟಿನ ಮೇಲಿಟ್ಟೆ. ಇವರು ಜೇಬಿನಿಂದ ಫೋನು ತೆಗೆದು ಜರಗನಹಳ್ಳಿಯವನಿಗೆ ನಾಳೆ ಬರಬೇಡಿ ಎಂದು ಹೇಳಿದರು. ಫೋನು ಜೇಬಿಗೆ ಹೋಯಿತು. ಆಮೇಲೆ ಮನೆಯ ಕಡೆ ತಿರುಗುವ ಮೊದಲು ಬಲ ಮೊಣಕೈ ಹಿಂದಕ್ಕೆ ಬಂದು ನನಗೆ ತಾಗಿತು. ಹಿಂದೆ ನೋಡಿದೆ, ರಸ್ತೆ ಖಾಲಿಯಿತ್ತು. ತಟ್ಟಿದೆ.